ಕೌದಿ ಅಟ್ಟಿಯ ಹಿಂದಿನ ಗೋಡೆ

ಬುರುಲ್ ಮನೆಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುತ್ತಿದ್ದುದು ಬುರುಲ್ ಮೇಲಲ್ಲ, ಅವಳ ಕೌದಿ ಅಟ್ಟಿಯ ಮೇಲೆ. ಬಾಗಿಲಿಗೆ ನೇರ ಎದುರಿನ ಗೋಡೆಗೆ ಒರಗಿಸಿಟ್ಟ ತಗಡಿನ ಸಂದೂಕ, ಅದರ ಮೇಲೆ ಸೂರು ಮುಟ್ಟುವ ಹಾಗೆ ಮಡಿಸಿ ಪೇರಿಸಿದ ಹಾಸುಗೌದಿ, ಹೊದೆಯುವ ಕೌದಿ, ದಿಂಬು. ಮಖಮಲ್ಲಿನದು, ಸ್ಯಾಟಿನ್‌ದು, ಚೂರುಬಟ್ಟೆ ಸೇರಿಸಿ ಹೊಲಿದದ್ದು. ಮಡಿಕೆಯ ಅಂಚುಗಳು ನೂಲು ಹಿಡಿದ ಹಾಗೆ ನೆಟ್ಟಗಿರಬೇಕು, ಒಂದು ಬೆರಳು ಆಚೀಚೆ ಆದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಇದಕ್ಕೆ ನಾವು ಜುಕ್ ಅನ್ನುತ್ತೇವೆ. ಹೆಂಗಸಿನ ಮಾನ ಎಷ್ಟೆತ್ತರ ಅಂತ ಕೇಳಿದರೆ ನಮ್ಮ ಮುದುಕಿಯರು ಜುಕ್ ಕಡೆ ಬೆರಳು ತೋರಿಸುತ್ತಾರೆ. ನನ್ನ ಮನೆಯ ಜುಕ್ ಮೊಣಕಾಲೆತ್ತರ. ಯಾರಾದರೂ ಕೊಂಕು ಮಾತಾಡಿದರೆ, "ನಾನು ಟ್ರಾಲಿಬಸ್ ಓಡಿಸೋಳು ತಾಯಿ, ನನ್ನ ಮಾನ ಡಿಪೋದಲ್ಲಿದೆ, ಅಲ್ಲೇ ಹೋಗಿ ಅಳೆದುಕೊಳ್ಳಿ" ಅಂದುಬಿಡುತ್ತಿದ್ದೆ.

ಬುರುಲ್ ನಾರಿನ್ ಕಡೆಯ ಬೆಟ್ಟದವಳು. ಗಂಡ ತೀರಿಕೊಂಡ ಮೇಲೆ ಬಿಷ್ಕೆಕ್ ನಗರಕ್ಕೆ ಬಂದು ನನ್ನ ಬಾಗಿಲ ಎದುರು ಬಾಗಿಲಿನ ಮನೆಯಲ್ಲಿ ಬಾಡಿಗೆಗಿದ್ದಳು. ನಮ್ಮದು ಹಳೆಯ ಸರ್ಕಾರದ ಕಾಲದ ಕಟ್ಟಡ. ಕಾಂಕ್ರೀಟಿನ ಹಲಗೆಗಳನ್ನು ಇಸ್ಪೀಟೆಲೆ ಹಾಗೆ ನಿಲ್ಲಿಸಿ, ಸಂದಿಗೆ ಗಾರೆ ಮೆತ್ತಿ, "ಹೋಗಿ, ಬಾಳಿಕೊಳ್ಳಿ" ಅಂದಿದ್ದರು. ಬುರುಲ್‌ದು ಉತ್ತರದ ಮೂಲೆ ಮನೆ, ಸೂರ್ಯನಿಗೆ ಅದರ ವಿಳಾಸವೇ ಗೊತ್ತಿರಲಿಲ್ಲ. ಆಳು ಕುಳ್ಳಿ, ಗಟ್ಟಿ. ತಲೆಗೆ ಹೂವಿನ ವಸ್ತ್ರ, ತುಟಿಯ ನಡುವೆ ಯಾವಾಗಲೂ ಸೂಜಿ. ಸೂಜಿ ಕಚ್ಚಿಕೊಂಡೇ ಬೈಯಬಲ್ಲಳು, ನಗಬಲ್ಲಳು, ಫೋನಿನಲ್ಲಿ ಕೂಡ ಮಾತಾಡಬಲ್ಲಳು. ಕಸುಬು ಕೌದಿ ಹೊಲಿಯುವುದು. ಯಾವ ಬೀದಿಯಲ್ಲಿ ಹುಡುಗಿಗೆ ಗಂಡು ಗೊತ್ತಾದರೂ ತಾಯಿಯಾದವಳು ಸೀದಾ ಬುರುಲ್ ಹತ್ತಿರ ಓಡಿಬರುತ್ತಿದ್ದಳು. ಅಂಗಳದಲ್ಲಿ ಕುರಿಯ ಉಣ್ಣೆ ಹರಡಿಕೊಂಡು ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಬಡಿಯಲು ಕೂತಳೆಂದರೆ ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಕಟ್ಟಕಡೆಯ ಮಹಡಿಯ ಮೇಷ್ಟ್ರು ಒಮ್ಮೆ ಕಿಟಕಿಯಿಂದ ತಲೆ ಹಾಕಿ, "ಬುರುಲ್ ಎಜೆ, ಸ್ವಲ್ಪ ಮೆಲ್ಲಗೆ ಬಡೀಬಾರ್ದಾ?" ಅಂದರು. "ಮೆಲ್ಲಗೆ ಬಡಿದ ಉಣ್ಣೆ ಮೇಲೆ ಮಲಗಿದ್ರೆ ಮದುಮಗಳಿಗೆ ಸೊಂಟ ಹಿಡ್ಕೊಳ್ಳುತ್ತೆ ಮೇಷ್ಟ್ರೇ. ಅವರ ಮನೆಯವರು ಕೇಳಿದ್ರೆ ನಿಮ್ಮ ಹೆಸರು ಹೇಳ್ಲಾ?" ಅಂದಳು. ಮೇಷ್ಟ್ರು ಕಿಟಕಿ ಹಾಕಿಕೊಂಡರು.

ಅವಳ ಜೀವವೆಲ್ಲ ಇದ್ದುದು ಬೆರ್ಮೆತ್ ಮೇಲೆ. ಬೆರ್ಮೆತ್ ಅವಳ ಮಗ ತಿಲೆಕ್‌ನ ಮೊದಲ ಮಗಳು. ಮೊದಲ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕುವುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಹಾಕಿದ ಮೇಲೆ ಮುಗಿಯಿತು. ಮಗು ಅಜ್ಜಿಯದು. ಅದು ಅಜ್ಜಿಯನ್ನೇ ಅಪಾ, ಅಂದರೆ ಅಮ್ಮ, ಅನ್ನುತ್ತದೆ. ಹೆತ್ತವಳನ್ನು ಎಜೆ, ಅಂದರೆ ಅಕ್ಕ, ಅನ್ನುತ್ತದೆ. ಕೊಟ್ಟದ್ದನ್ನು ತಿರುಗಿ ಕೇಳುವ ಹಾಗಿಲ್ಲ, ಕೇಳಿದ ಸೊಸೆಯನ್ನು ಊರು ಸುಮ್ಮನೆ ಬಿಡುವುದಿಲ್ಲ. ತಿಲೆಕ್ ಮತ್ತು ಅವನ ಹೆಂಡತಿ ಚೋಲ್ಪೋನ್ ಟೋಕ್ಮೋಕ್‌ನಲ್ಲಿದ್ದರು. ಸಣ್ಣ ಮಣ್ಣಿನ ಮನೆ, ಸೌದೆ ಒಲೆ, ಹಪ್ಪಳದ ಹಾಗೆ ಒಣಗಿದ ಗೋಡೆ. ಎರಡನೆಯ ಮಗು ಇನ್ನೂ ಆಗಿರಲಿಲ್ಲ. ಚೋಲ್ಪೋನ್ ಪ್ರತಿ ಭಾನುವಾರ ವ್ಯಾನು ಹತ್ತಿ ಬರುತ್ತಿದ್ದಳು, ಜಾಮ್ ಬಾಟಲಿ ಹಿಡಿದುಕೊಂಡು. ಬೆರ್ಮೆತ್ ಅವಳ ತೊಡೆಯ ಮೇಲೆ ಕೂರುತ್ತಿತ್ತು, ನೆಂಟರ ತೊಡೆಯ ಮೇಲೆ ಕೂತ ಹಾಗೆ, ನೆಟ್ಟಗೆ.

ಆ ವರ್ಷ ಮೊದಲ ಹಿಮ ಬೀಳುವುದಕ್ಕೂ ಮಗುವಿಗೆ ಕೆಮ್ಮು ಹತ್ತುವುದಕ್ಕೂ ಸರಿಹೋಯಿತು. ಕೆಮ್ಮು ಅಂದರೆ ಅಂಥಿಂಥ ಕೆಮ್ಮಲ್ಲ, ನನ್ನ ಅಡುಗೆಮನೆವರೆಗೆ ಕೇಳುತ್ತಿತ್ತು. ಬುರುಲ್ ಕುರಿ ಕೊಬ್ಬು ಕರಗಿಸಿ ಎದೆಗೆ ತಿಕ್ಕಿದಳು, ಹಾಲಿಗೆ ಬೆಣ್ಣೆ ಹಾಕಿ ಕುಡಿಸಿದಳು. ಕಡೆಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಳು, ನಾನೂ ಜೊತೆಗಿದ್ದೆ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ, "ಮನೇಲಿ ಬೂಷ್ಟು ಇದೆಯಾ?" ಅಂತ ಕೇಳಿದರು.

"ನಮ್ಮ ಮನೇಲಿ ಧೂಳು ಕೂಡ ಇಲ್ಲ!" ಅಂದಳು ಬುರುಲ್, ಯಾರೋ ಕಳ್ಳತನ ಹೊರಿಸಿದ ಹಾಗೆ.

ಇತ್ತು. ಸೂರಿನ ಮೂಲೆಯಲ್ಲಿ, ಅಟ್ಟಿಯ ತಲೆಯ ಮೇಲೆ, ಕಪ್ಪು ಚುಕ್ಕೆಗಳು ಹಬ್ಬಿದ್ದವು. ಅಟ್ಟಿಯ ಬುಡದಲ್ಲೇ ಮಗುವಿನ ಹಾಸಿಗೆ, ಅದಕ್ಕೆ ತಾಗಿದ ಗೋಡೆಯ ಮೇಲೆ ಒಂದು ಜಮಖಾನ ತೂಗುಬಿದ್ದಿತ್ತು. ಅದನ್ನು ಎತ್ತಿದರೆ ಕೊಳೆತ ಆಲೂಗಡ್ಡೆ ಮೂಟೆ ಬಿಚ್ಚಿದ ವಾಸನೆ. ಬುರುಲ್ ಅದನ್ನು ಎತ್ತುತ್ತಿರಲಿಲ್ಲ, ಅಷ್ಟೆ.

ಮನೆಯೊಡೆಯ ಎಸೆನ್ ಬಾಯ್ಕೆ, ಅಂದರೆ ಎಸೆನ್ ಅಣ್ಣ, ವರ್ಷಕ್ಕೊಮ್ಮೆ ಸುಣ್ಣದ ಬಕೆಟ್ಟು ಹಿಡಿದು ಬರುತ್ತಿದ್ದ. ಮೂಲೆಗೆ ಎರಡು ಸಲ ಬಳಿದು, ಕೈ ಝಾಡಿಸಿ, ಚಹಾ ಕುಡಿದು ಹೋಗುತ್ತಿದ್ದ. ಅವನು ಇಳಿದು ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಚುಕ್ಕೆ ಇಣುಕುತ್ತಿತ್ತು. ಆ ವರ್ಷ ಬಂದವನು ಹೊಸ ರಾಗ ತೆಗೆದ.

"ಗೋಡೆದೇನೂ ತಪ್ಪಿಲ್ಲ ಬುರುಲ್. ನೀವು ಮಾಂಸ ಜಾಸ್ತಿ ಬೇಯಿಸ್ತೀರಿ. ಬಟ್ಟೆ ಒಳಗೇ ಒಣಹಾಕ್ತೀರಿ. ಉಸಿರೂ ಜಾಸ್ತಿ ಬಿಡ್ತೀರಿ ಅನ್ಸುತ್ತೆ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಹಾಗಾದ್ರೆ ಹೇಳಿಬಿಡಿ ಬಾಯ್ಕೆ, ಬಾಡಿಗೆ ಕೊಟ್ಟವರು ಒಂದು ದಿನ ಬಿಟ್ಟು ಒಂದು ದಿನ ಉಸಿರಾಡ್ತಾರೆ. ಹೊರಗಡೆ ಹಲಗೆ ಸಂದೀಲಿ ಗುಬ್ಬಿ ಗೂಡು ಕಟ್ಟೋ ಅಷ್ಟು ಬಿರುಕು ಬಿಟ್ಟಿದೆ, ಅದು ಯಾರು ಉಸಿರು ಬಿಟ್ಟಿದ್ದು?"

"ಈ ಟ್ರಾಲಿಬಸ್ಸಿಗೆ ಬ್ರೇಕೇ ಇಲ್ವಲ್ಲ!" ಅಂದ ಎಸೆನ್, ಬಕೆಟ್ಟು ಎತ್ತಿಕೊಂಡು ಹೊರಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನದು ನೆಲವೇ ಡೊಂಕು, ಕುಣಿಯುವವರ ಮೇಲೆ ತಪ್ಪು.

ಅದೇ ಭಾನುವಾರ ಚೋಲ್ಪೋನ್ ಬಂದಳು. ನಮ್ಮ ಕಡೆ ಸೊಸೆ ಅಂದರೆ ಅತ್ತೆ ಮುಂದೆ ಚಹಾ ಬಗ್ಗಿಸುವಾಗ ಕಣ್ಣೆತ್ತಬಾರದು, ಈ ಹುಡುಗಿಯಂತೂ ನಾನು ನೋಡಿದ ದಿನದಿಂದ ಎತ್ತಿರಲಿಲ್ಲ. ಆವತ್ತು ಬೆರ್ಮೆತ್ ಕೆಮ್ಮಿ ಕೆಮ್ಮಿ ಕುಡಿದ ಹಾಲೆಲ್ಲ ಕಕ್ಕಿತು. ಚೋಲ್ಪೋನ್ ಚಹಾದ ಪಾತ್ರೆ ಕೆಳಗಿಟ್ಟಳು. ಕಣ್ಣೆತ್ತಿದಳು.

"ಅಪಾ, ತಪ್ಪು ತಿಳ್ಕೋಬೇಡಿ. ನೂರುಜ್ ಹಬ್ಬದವರೆಗೆ ನೋಡ್ತೀನಿ. ಅಷ್ಟರಲ್ಲಿ ಈ ಗೋಡೆ ಒಣಗಿಲ್ಲ ಅಂದ್ರೆ ಮಗೂನ ನಾನು ಕರ್ಕೊಂಡು ಹೋಗ್ತೀನಿ."

ಬುರುಲ್ ತುಟಿಯಿಂದ ಸೂಜಿ ಬಿದ್ದುಹೋಯಿತು. ನೂರುಜ್ ಅಂದರೆ ವಸಂತದ ನಮ್ಮ ಹೊಸ ವರ್ಷ, ಕೈಯಲ್ಲಿ ಉಳಿದದ್ದು ಆ ಚಳಿಗಾಲ ಒಂದೇ. ಸೊಸೆ ಹೋದ ಮೇಲೆ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು. "ಕೇಳಿದ್ಯೇನೇ ಜಿಪಾರ್? ಗೋಡೆ ತಪ್ಪು ಮಾಡಿದ್ರೆ ನನ್ನ ಮಗೂನ ದಂಡ ಕೊಡ್ಬೇಕಂತೆ! ಇದು ಯಾವೂರ ನ್ಯಾಯ?"

"ಗೋಡೆಗೆ ಬುದ್ಧಿ ಕಲಿಸೋಣ, ಏಳು" ಅಂದೆ ನಾನು.

ಆಮೇಲೆ ನಡೆದದ್ದು ಯುದ್ಧ. ಕಟ್ಟಡದಲ್ಲಿ ಒಬ್ಬೊಬ್ಬರದೂ ಒಂದೊಂದು ಮದ್ದು. ಒಬ್ಬಳು ಬ್ಲೀಚಿಂಗ್ ಅಂದಳು, ತಿಕ್ಕಿದೆವು, ನಮ್ಮಿಬ್ಬರ ಕಣ್ಣೂ ಟೊಮೆಟೊ ಹಣ್ಣಾದವು. ಇನ್ನೊಬ್ಬಳು ವಿನಿಗರ್ ಅಂದಳು, ಮನೆಯೆಲ್ಲ ಉಪ್ಪಿನಕಾಯಿ ಜಾಡಿಯಾಯಿತು. ಮೇಷ್ಟ್ರು ಮೈಲುತುತ್ತು ಕಲಸಿ ಹಚ್ಚಿ ಅಂದರು. ಹಚ್ಚಿದೆವು. ಮೂಲೆ ನೀಲಿಯಾಯಿತು, ಬೆರ್ಮೆತ್ ಚಪ್ಪಾಳೆ ತಟ್ಟಿ, "ಅಪಾ, ಆಕಾಶ!" ಅಂತ ಕುಣಿಯಿತು. ಬುರುಲ್ ತಾನೇ ಅರ್ಚಾ ಅನ್ನುವ ಬೆಟ್ಟದ ಮರದ ಸೊಪ್ಪು ಸುಟ್ಟು ಮೂಲೆ ಮೂಲೆಗೆ ಹೊಗೆ ಹಿಡಿದಳು. ಕೆಟ್ಟ ಕಣ್ಣಿಗೆ ನಾಟುವ ಹೊಗೆ, ಬೂಷ್ಟಿಗೆ ಅದು ಅಗರಬತ್ತಿ. ಆರಾಮಾಗಿ ಹಬ್ಬಿಕೊಂಡಿತು.

ಮದ್ದು ಹಾಗಿರಲಿ, ಬುರುಲ್‌ಗೆ ನಿಜವಾದ ಶತ್ರು ಗಾಳಿ. ನಮ್ಮವರು ತೋಳಕ್ಕೆ ಹೆದರುವುದಿಲ್ಲ, ಸಂದಿಯಿಂದ ಬರುವ ತಣ್ಣನೆ ಗಾಳಿಗೆ ಹೆದರುತ್ತಾರೆ. ಸೊಂಟ ನೋವು, ಹಲ್ಲುನೋವು, ಗಂಡನ ಜೊತೆ ಜಗಳ, ಎಲ್ಲಕ್ಕೂ ಅದೇ ಕಾರಣ. ಅವಳು ಕಿಟಕಿ ಸಂದಿಗೆಲ್ಲ ಹತ್ತಿ ತುರುಕಿ, ಮೇಲೆ ಕಾಗದದ ಪಟ್ಟಿ ಅಂಟಿಸಿದಳು. ಮೇಲಿನ ಸಣ್ಣ ಕಿಟಕಿಯನ್ನೂ ಅಂಟಿಸಿದಳು. ಆಮೇಲೆ ಭುಜ ಕೊಟ್ಟು ಸಂದೂಕವನ್ನು ಅಟ್ಟಿಯ ಸಮೇತ ಗೋಡೆಗೆ ಇನ್ನೂ ಒತ್ತಿದಳು. "ಹೊರಗಿನ ಗೋಡೆ ಅಲ್ವಾ, ಚಳಿ ಇಲ್ಲಿಂದ್ಲೇ ನುಗ್ಗೋದು. ಕೌದಿ ತಡ್ಕೊಳ್ಳುತ್ತೆ ಬಿಡು" ಅಂದಳು. ನಾನೂ ಭುಜ ಕೊಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ನಾವು ಎತ್ತನ್ನೇ ಹಿಡಿದುಕೊಂಡಿದ್ದೆವು, ಬರೆ ಮಾತ್ರ ಮಗುವಿಗೆ ಬೀಳುತ್ತಿತ್ತು. ಕೆಮ್ಮು ಜೋರಾಯಿತು. ಬುರುಲ್ ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಹಬ್ಬ ಹತ್ತಿರ ಬರುತ್ತಿತ್ತು.

ಇಷ್ಟರಲ್ಲಿ ಮೇಲಿನ ಮನೆಯಲ್ಲಿ ತೊಟ್ಟಿಲ ಔತಣ. ಆ ಮನೆಯೂ ಎಸೆನ್‌ದೇ, ಅಲ್ಲಿ ಅವನ ಮಗಳಿದ್ದಳು, ಬಾಣಂತಿ. ಅಷ್ಟು ನೆಂಟರನ್ನು ನೆಲದ ಮೇಲೆ ಕೂರಿಸಲು ಹಾಸುಗೌದಿ ಬೇಕಲ್ಲ. ಊರಿಗೆಲ್ಲ ಗೊತ್ತಿದ್ದ ಅಟ್ಟಿ ಒಂದೇ. ಕೇಳಿದರು. ಕೌದಿ ಕೇಳಿದರೆ ಇಲ್ಲ ಅನ್ನುವ ಹೆಂಗಸು ನಮ್ಮಲ್ಲಿ ಹುಟ್ಟಿಲ್ಲ. ಬುರುಲ್ ಮೇಲಿನಿಂದ ಒಂದೊಂದೇ ತೆಗೆದು ಕೊಟ್ಟಳು, ಹುಡುಗಿಯರು ಮೆಟ್ಟಿಲ ಮೇಲೆ ಸಾಲುಗಟ್ಟಿ ಹೊತ್ತು ಹೋದರು. ಕಟ್ಟಕಡೆಯದಾಗಿ ಬುಡದ ಕೌದಿ. ಕಡುನೀಲಿ ಮಖಮಲ್ಲು, ಬುರುಲ್‌ನ ತಾಯಿ ಅವಳ ಮದುವೆಗೆಂದು ಹೊಲಿದುಕೊಟ್ಟದ್ದು. "ಇದನ್ನ ತೋರ್‌ನಲ್ಲಿ ಹಾಸಿ, ಹಿರಿಯರಿಗೆ" ಅಂದಳು, ತಾನೇ ಮುಂದಿನ ಮಡಿಕೆ ಸವರಿ. ಬೆಳಗಿನ ಜಾವದ ಮಬ್ಬು, ಆ ಗಡಿಬಿಡಿ, ಕೌದಿಯ ಹಿಂದಿನ ಮಡಿಕೆಯನ್ನಾಗಲಿ ಹಿಂದಿನ ಗೋಡೆಯನ್ನಾಗಲಿ ಯಾರೂ ನೋಡಲಿಲ್ಲ. ತೋರ್ ಅಂದರೆ ಬಾಗಿಲಿಗೆ ಎದುರಿನ ಜಾಗ, ಮನೆಯಲ್ಲಿ ಅದಕ್ಕಿಂತ ದೊಡ್ಡ ಗೌರವದ ಜಾಗ ಇನ್ನೊಂದಿಲ್ಲ.

ತೋರ್‌ನಲ್ಲಿ, ಆ ನೀಲಿ ಕೌದಿಯ ಮೇಲೆ ಕೂತದ್ದು ಎಸೆನ್‌ನ ಹೆಂಡತಿ ಸೋನುನ್. ಮೊಮ್ಮಗನ ಔತಣಕ್ಕೆಂದೇ ಹೊಲಿಸಿದ ಕೆನೆ ಬಣ್ಣದ ಉಡುಪು. ಒಳ್ಳೆ ಹಂಸದ ಹಾಗೆ ಕೂತಳು. ಮಾಂಸ ಬಂತು, ಸಾರು ಬಂತು, ಹಿರಿಯರು ಒಬ್ಬರಾದ ಮೇಲೆ ಒಬ್ಬರು ಹರಸಿದರು, ಆಕೆ ಏಳಲೇ ಇಲ್ಲ. ಕಡೆಗೆ ಮಗುವನ್ನು ತೊಟ್ಟಿಲಿಗೆ ಹಾಕಬೇಕು ಅಂತ ಎದ್ದು ತಿರುಗಿದಳು ನೋಡಿ.

ಅಯ್ಯೋ, ಏನು ಹೇಳಲಿ! ಹಿಂದುಗಡೆ ಪೂರ್ತಿ ಒಂದು ನಕ್ಷೆ. ನೀಲಿ, ಕಪ್ಪು, ಹಸಿರು, ಕೆರೆ ಬೆಟ್ಟ ಎಲ್ಲ ಇತ್ತು. ಯಾರೋ ಕಿಸಕ್ಕೆಂದರು. ಸೋನುನ್ ಕೈ ಹಿಂದೆ ಹಾಕಿ ಮುಟ್ಟಿ ನೋಡಿಕೊಂಡು ಕಿರುಚಿದಳು.

"ಇದು ಯಾರ ಕೌದಿ?"

ಬುರುಲ್ ಬಾಗಿಲ ಹತ್ತಿರ ಚಹಾ ಬಟ್ಟಲು ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತ ಇರಲಿಲ್ಲ. "ನನ್ನದು" ಅಂದಳು, ಅರ್ಧ ದನಿಯಲ್ಲಿ.

"ಇಂಥ ಕೊಳೆತ ಕೌದಿ ಔತಣಕ್ಕೆ ಕೊಡ್ತಾರಾ? ನಾಚಿಕೆ ಆಗಲ್ವಾ?"

ನಾನು ಸುಮ್ಮನಿರುವ ಪೈಕಿಯಲ್ಲ. "ಕೌದಿ ಬುರುಲ್‌ದು ಸೋನುನ್, ಬೂಷ್ಟು ನಿಮ್ಮ ಮನೆಯವರದ್ದು. ನಿಮ್ಮ ಗೋಡೆಗೆ ಒರಗಿಸಿಟ್ಟಿದ್ದ ಕೌದಿ ಅದು. ನಿಮ್ಮ ಯಜಮಾನರು ಅದಕ್ಕೆ ವರ್ಷವರ್ಷ ಸುಣ್ಣದ ಅಲಂಕಾರ ಮಾಡಿಸ್ತಾರೆ, ಕೇಳಿ ಬೇಕಾದ್ರೆ."

ಕೋಣೆಗೆ ಕೋಣೆಯೇ ನಕ್ಕಿತು, ಹಿರಿಯರು ಗಡ್ಡ ಹಿಡಿದುಕೊಂಡು ನಕ್ಕರು. ಸೋನುನ್ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಎಸೆನ್ ಕೈಯಲ್ಲಿದ್ದ ಎಲುಬು ಕೈಯಲ್ಲೇ ಉಳಿಯಿತು. ಮಾಡಿದ್ದುಣ್ಣೋ ಮಹರಾಯ! ಮರುದಿನ ಬೆಳಗ್ಗೆ ಇಬ್ಬರು ಆಳುಗಳು ಮಾಳಿಗೆಯಿಂದ ಹಗ್ಗ ಬಿಟ್ಟುಕೊಂಡು ಇಳಿದು ಹಲಗೆ ಸಂದಿಗೆ ಡಾಂಬರು ತುಂಬುತ್ತಿದ್ದರು. ಎಷ್ಟೋ ವರ್ಷದ ಬೇಡಿಕೆಗೆ ಆಗದ್ದು ಒಂದು ಕೆನೆ ಬಣ್ಣದ ಉಡುಪಿಗೆ ಆಯಿತು.

ಎಲ್ಲರೂ ನಕ್ಕರು, ಬುರುಲ್ ನಗಲಿಲ್ಲ. ಕೌದಿಗಳೆಲ್ಲ ವಾಪಸು ಬಂದು ನೆಲದ ಮೇಲೆ ರಾಶಿ ಬಿದ್ದಿದ್ದವು. ಅವಳು ತಾಯಿಯ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಗೆ ಬಿಚ್ಚುತ್ತಿದ್ದಳು. ಒಳಗಿನ ಉಣ್ಣೆ ಕೆಸರಾಗಿತ್ತು. ಎದುರಿಗೆ ಅಟ್ಟಿ ಇದ್ದ ಗೋಡೆ ಬಟಾಬಯಲು. ಸಂದೂಕದ ಎತ್ತರದಿಂದ ಸೂರಿನವರೆಗೆ ಅಟ್ಟಿ ಎಷ್ಟಗಲ ಇತ್ತೋ ಅಷ್ಟಗಲ ಕರ್ರಗೆ, ಮುಟ್ಟಿದರೆ ಬೆರಳಿಗೆ ಜಿಗುಟು. ಮೂಲೆಯ ಚುಕ್ಕೆ ಇದರ ಬಾಲ ಮಾತ್ರ. ಇಷ್ಟು ದಿನ ನಾವು ಬಾಲಕ್ಕೆ ಮದ್ದು ಹಚ್ಚುತ್ತಿದ್ದೆವು.

ಅದೇ ಗೋಡೆ ಕಿಟಕಿಯ ಕೆಳಗೆ ಬರಿದಾಗಿತ್ತು, ಅಲ್ಲಿ ಏನೂ ಒರಗಿಸಿರಲಿಲ್ಲ. ನಾನು ಅಂಗೈ ಇಟ್ಟೆ. ತಣ್ಣಗಿತ್ತು, ಆದರೆ ಒದ್ದೆ ಇರಲಿಲ್ಲ, ಒಂದು ಚುಕ್ಕೆ ಇರಲಿಲ್ಲ.

"ಬುರುಲ್, ಇಲ್ಲಿ ಬಾ. ಕೈ ಇಡು. ಬೋಳಾಗಿ ಬಿಟ್ಟ ಕಡೆ ನೆಟ್ಟಗಿದೆ, ನೀನು ಹೊದಿಸಿದ ಕಡೆ ಕೊಳೆತಿದೆ. ಅದಕ್ಕೆ ಗಾಳಿ ಬೇಕು ಕಣೇ. ನಾವು ಉಸಿರು ಕಟ್ಟಿಸಿಬಿಟ್ವಿ."

ಅವಳು ಬಂದು ಕೈ ಇಟ್ಟಳು. ಅಲ್ಲೊಮ್ಮೆ ಇಟ್ಟಳು, ಇಲ್ಲೊಮ್ಮೆ ಇಟ್ಟಳು. "ಬೆಚ್ಚಗಿರ್ಲಿ ಅಂತ ಒತ್ತಿಟ್ಟೆನಲ್ಲೇ" ಅಂದಳು. "ಮಗೂಗೆ ಬೆಚ್ಚಗಿರ್ಲಿ ಅಂತ."

"ಗೊತ್ತು. ಈಗ ಅಟ್ಟಿ ಆ ಕಡೆಗೆ ಹಾಕೋಣ" ಅಂತ ನಾನು ಒಳಗಿನ ಗೋಡೆ ತೋರಿಸಿದೆ. ಹೊರಗಿನ ಚಳಿ ತಾಗದ ಖಾಲಿ ಗೋಡೆ ಅಂತ ಇದ್ದದ್ದು ಅದೊಂದೇ, ಬಾಗಿಲ ಪಕ್ಕ.

ಬುರುಲ್ ಕಿಡಿಕಿಡಿಯಾದಳು. "ಚಪ್ಪಲಿ ಬಿಡೋ ಜಾಗದಲ್ಲಿ? ಜುಕ್‌ನ? ತೋರ್ ಬಿಟ್ಟು ಹೊಸ್ತಿಲಲ್ಲಿ? ನಮ್ಮಮ್ಮನ್ನ ಕರ್ಕೊಂಡು ಬಂದು ಬೂಟ್ಸಿನ ಪಕ್ಕ ಕೂರಿಸು ಅಂತೀಯಲ್ಲ, ನಿಂಗೆ ತಲೆ ನೆಟ್ಟಗಿದೆಯಾ? ಗಿರಾಕಿಗಳು ಬಂದ್ರೆ ಏನಂತಾರೆ? ಬುರುಲ್‌ಗೆ ಮಾನ ಮರ್ಯಾದೆ ಗುಡಿಸಿ ಬಾಗಿಲಿಗೆ ಬಂತು ಅಂತಾರೆ!"

"ಅನ್ಲಿ. ಆ ಮೇಲೆ ಹಬ್ಬದ ದಿನ ಸೊಸೆ ಬಂದು ಏನಂತಾಳೆ, ಅದನ್ನೂ ಯೋಚ್ನೆ ಮಾಡು."

ಅಡುಗೆಮನೆಯಲ್ಲಿ ಬೆರ್ಮೆತ್ ಕೆಮ್ಮಿತು. ಒಂದು ಸಲ ಶುರುವಾದರೆ ಉಸಿರು ತಿರುಗಿಸಲು ಬಿಡದ ಕೆಮ್ಮು. ಬುರುಲ್ ಅಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಕೆಮ್ಮು ನಿಂತ ಮೇಲೆ ತಲೆವಸ್ತ್ರ ಬಿಗಿದು ಕಟ್ಟಿ ಸಂದೂಕದ ಹಿಡಿಗೆ ಕೈ ಹಾಕಿದಳು. "ಏನ್ ನೋಡ್ತಾ ನಿಂತೆ? ಆ ಕಡೆ ಹಿಡಿ. ಬಸ್ಸಿನ ಸ್ಟೀರಿಂಗ್ ಹಿಡಿದ ಹಾಗಲ್ಲ, ಸರಿಯಾಗಿ ಹಿಡಿ!"

ಎಳೆದೆವು. ಬಾಗಿಲ ಪಕ್ಕ, ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದೆವು. ಅವಳು ಅಟ್ಟಿ ಕಟ್ಟಿದ್ದು ಮಾತ್ರ ಮೊದಲಿಗಿಂತ ನೆಟ್ಟಗೆ. ಕಟ್ಟುವಾಗ ಎರಡು ಸಲ ಮೂಗು ಒರೆಸಿಕೊಂಡಳು, ನಾನು ನೋಡದ ಹಾಗೆ ಇದ್ದೆ.

ಗಿರಾಕಿಗಳು ಬಾಗಿಲಲ್ಲೇ ಬೆಪ್ಪಾಗಿ ನಿಲ್ಲುತ್ತಿದ್ದರು. "ಎಜೆ, ಮನೆ ಖಾಲಿ ಮಾಡ್ತಿದ್ದೀರಾ?" ಅಂದಳು ಒಬ್ಬಳು. "ಇಲ್ಲಮ್ಮ, ಈಗ ಇದೇ ಫ್ಯಾಷನ್, ನಿಂಗೆ ಗೊತ್ತಿಲ್ವಾ? ಬಂದವರು ಒಳಗೆ ಬರೋ ಮೊದಲೇ ಹೊಟ್ಟೆ ಉರ್ಕೊಳ್ಳಲಿ ಅಂತ" ಅಂದಳು ಬುರುಲ್. ಇನ್ನೊಬ್ಬ ಮುದುಕಿ ತೋರ್ ಖಾಲಿ ನೋಡಿ ಎದೆ ಬಡಿದುಕೊಂಡಳು. ಅವಳಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ಬುರುಲ್ ನೆಟ್ಟಗೇ ಇದ್ದ ಅಟ್ಟಿಯ ಅಂಚನ್ನು ಮತ್ತೆ ನೆಟ್ಟಗೆ ಮಾಡಿದಳು.

ಕಿಟಕಿಯ ಕಾಗದ ಕಿತ್ತ ಮೇಲೆ ದಿನಾ ದೊಡ್ಡ ತಮಾಷೆ. ಬೆಳಗ್ಗೆ ಕಿಟಕಿ ತೆರೆಯುವ ಮೊದಲು ಬೆರ್ಮೆತ್‌ಗೆ ಟೋಪಿ, ಶಾಲು, ಎರಡು ಜೊತೆ ಕಾಲುಚೀಲ ಹಾಕಿಸಿ ನನ್ನ ಮನೆಗೆ ಅಟ್ಟುತ್ತಿದ್ದಳು. ತಾನು ಕೋಟು ಹಾಕಿಕೊಂಡು ಕಿಟಕಿಯ ಪಕ್ಕ ಕಾವಲು ನಿಲ್ಲುತ್ತಿದ್ದಳು, ಗಾಳಿ ಬಂದು ಏನಾದರೂ ಕದ್ದುಕೊಂಡು ಹೋಗುತ್ತದೇನೋ ಅನ್ನುವ ಹಾಗೆ. ಒದ್ದೆ ಬಟ್ಟೆಯೆಲ್ಲ ನನ್ನ ಬಾಲ್ಕನಿಗೆ ಬಂತು. ಸಾರಿನ ಪಾತ್ರೆಗೆ ಮುಚ್ಚಳ ಬಂತು. ಜಮಖಾನ ಸುತ್ತಿ ಮೂಲೆ ಸೇರಿತು. ಗೋಡೆಯನ್ನು ಕೆರೆದು, ತೊಳೆದು, ಬೋಳಾಗಿ ಬಿಟ್ಟೆವು. ಆಳುಗಳು ಹೊರಗಿನ ಸಂದಿ ಮುಚ್ಚಿದ್ದೂ ಸೇರಿ, ಕಪ್ಪು ಬೂದಿಯಾಯಿತು, ಬೂದಿ ಬಿಳಿಯಾಯಿತು. ಬೆರ್ಮೆತ್‌ನ ಕೆಮ್ಮು ಮೊದಲು ನನ್ನ ಅಡುಗೆಮನೆಗೆ ಕೇಳುವುದು ನಿಂತಿತು, ಆಮೇಲೆ ಮೆಟ್ಟಿಲಿಗೆ ಕೇಳುವುದು ನಿಂತಿತು, ಆಮೇಲೆ ನಿಂತೇಹೋಯಿತು. ಬುರುಲ್ ಗೋಡೆಯನ್ನು ದಿನಾ ಅಂಗೈಯಿಂದ ಸವರಿ, "ಗೆದ್ದೆ ಕಣೇ, ಗೆದ್ದೆ!" ಅನ್ನುತ್ತಿದ್ದಳು. ಅವಳ ಆ ಖುಷಿ ನೋಡಿ ನನಗೂ ಹೊಟ್ಟೆ ತಣ್ಣಗಾಗುತ್ತಿತ್ತು.

ನೂರುಜ್ ದಿನ ಅಂಗಳದಲ್ಲಿ ಕಡಾಯಿ ಇಟ್ಟು ಮೊಳಕೆ ಗೋಧಿಯ ಪಾಯಸ ಕುದಿಸುತ್ತಿದ್ದೆವು. ತಿಲೆಕ್, ಚೋಲ್ಪೋನ್ ಬಂದರು. ಬುರುಲ್ ಅವರನ್ನು ಕೂರಲೂ ಬಿಡಲಿಲ್ಲ. "ಬಾಮ್ಮ ಬಾ, ಗೋಡೆ ನೋಡು ಬಾ. ನೀನೇ ಕೈ ಇಟ್ಟು ನೋಡು!" ಅಂತ ಸೊಸೆಯನ್ನು ಎಳೆದುಕೊಂಡು ಹೋದಳು. ನಾನೂ ಸೌಟು ಬೇರೆಯವಳ ಕೈಗೆ ಕೊಟ್ಟು ಹಿಂದೆಯೇ ಓಡಿದೆ, ಇದನ್ನು ತಪ್ಪಿಸಿಕೊಳ್ಳಲು ಆಗುತ್ತದೆಯೇ?

ಚೋಲ್ಪೋನ್ ಬಾಗಿಲ ಪಕ್ಕದ ಅಟ್ಟಿ ನೋಡಿ ಒಂದು ಕ್ಷಣ ತಡೆದಳು. ಆಮೇಲೆ ಗೋಡೆಗೆ ಅಂಗೈ ಇಟ್ಟಳು. ಕೈ ತಿರುಗಿಸಿ ಇಟ್ಟಳು. ಮೂಲೆಗೆ ಹೋದಳು, ಕೆಳಗೆ ಬಗ್ಗಿದಳು, ಮತ್ತೆ ಈ ಕಡೆ ಬಂದಳು. ಏನೋ ಕಳೆದುಕೊಂಡವಳು ಹುಡುಕುವ ಹಾಗೆ ಆ ಗೋಡೆಯೆಲ್ಲ ಸವರಿದಳು. ಎಲ್ಲೂ ಒದ್ದೆ ಸಿಗಲಿಲ್ಲ.

"ಒಣಗಿಬಿಟ್ಟಿದೆ" ಅಂದಳು. ಅಲ್ಲೇ ನೆಲಕ್ಕೆ ಕುಸಿದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದಳು.

ತಿಲೆಕ್ ಗಾಬರಿಯಾದ. "ಏ ಚೋಲ್ಪೋನ್, ಏನಿದು, ಹಬ್ಬದ ದಿನ? ಏಳು!"

"ನೀನು ಸುಮ್ನಿರೋ" ಅಂದಳು ಬುರುಲ್. ಸೊಸೆಯ ಪಕ್ಕ ಕೂತಳು. ಅವಳ ಮುಖದ ಖುಷಿ ಹೇಗಿತ್ತೋ ಹಾಗೇ ನಿಂತುಹೋಗಿತ್ತು. "ಹಾಗಾದ್ರೆ ಗೋಡೆ ಒಣಗ್ಬಾರ್ದು ಅಂತಿತ್ತೇನಮ್ಮ ನಿಂಗೆ?"

"ಮಗು ಕೆಮ್ಮಬಾರ್ದು ಅಂತಿತ್ತು ಅಪಾ." ಹುಡುಗಿ ಬಿಕ್ಕುತ್ತಾ ಹೇಳಿದಳು. "ಗೋಡೆ ಮಾತ್ರ ಒಣಗ್ಬಾರ್ದು ಅಂತಿತ್ತು. ಎರಡೂ ಒಟ್ಟಿಗೆ ಆಗಲ್ಲ ಅಂತ ಗೊತ್ತಿದ್ರೂ. ಕೊಟ್ಟ ಮಗೂನ ಕೇಳೋ ಹಾಗಿಲ್ಲ, ಅದೂ ಗೊತ್ತು. ಅದಕ್ಕೇ ಗೋಡೆ ಹೆಸರು ಹೇಳ್ದೆ. ಅವಳು ನನ್ನನ್ನ ಎಜೆ ಅಂತಾಳೆ ಅಪಾ. ಪ್ರತಿ ಭಾನುವಾರ ಎಜೆ ಬಂದ್ರು ಅಂತಾಳೆ. ನಾನು ವಾಪಸ್ ಹೋಗ್ತಾ ವ್ಯಾನಲ್ಲಿ..."

ಅಂಗಳದಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು, ಅದರಲ್ಲಿ ಬೆರ್ಮೆತ್‌ನ ದನಿ ಎಲ್ಲಕ್ಕಿಂತ ಜೋರು. ಬುರುಲ್ ಅದನ್ನು ಕೇಳುತ್ತಾ ಕೂತಿದ್ದಳು. ಆಮೇಲೆ ಸೊಸೆಯ ಬೆನ್ನ ಮೇಲೆ ಕೈ ಇಟ್ಟು, ಆ ಬೆನ್ನನ್ನೇ ಊರಿಕೊಂಡು ಎದ್ದಳು. ಅಟ್ಟಿಯ ಹತ್ತಿರ ಹೋಗಿ ಮಗುವಿನ ಹಾಸುಗೌದಿ, ಹೊದೆಯುವ ಕೌದಿ, ಸಣ್ಣ ದಿಂಬು ಎಳೆದು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಗಂಟನ್ನು ಚೋಲ್ಪೋನ್ ಮಡಿಲಿಗೆ ಹಾಕಿದಳು.

"ಮಲಗೋವಾಗ ಎಡಗಡೆ ಹೊರಳ್ತಾಳೆ, ಗೋಡೆ ಕಡೆ ದಿಂಬು ಇಡು" ಅಂದಳು. "ಹಾಲು ಕೆನೆ ಇದ್ರೆ ಕುಡಿಯಲ್ಲ. ಭಾನುವಾರ ತಪ್ಪದೆ ಕರ್ಕೊಂಡು ಬಾ."

ಚೋಲ್ಪೋನ್ ಅತ್ತೆಯ ಕಾಲು ಹಿಡಿಯಲು ಹೋದಳು. ಬುರುಲ್ ಬಿಡಲಿಲ್ಲ.

ಬೆರ್ಮೆತ್‌ಗೆ ಟೋಕ್ಮೋಕ್‌ನಲ್ಲಿ ನಾಯಿಮರಿ ಇದೆ ಅಂತ ತಿಲೆಕ್ ಹೇಳಿದ. ಅಷ್ಟೇ ಸಾಕಾಯಿತು. ಮಗು ಕುಣಿದುಕೊಂಡು ವ್ಯಾನು ಹತ್ತಿ, ಕಿಟಕಿಯಿಂದ ಎರಡೂ ಕೈ ಬೀಸಿ ಹೋಯಿತು. ಬುರುಲ್ ವ್ಯಾನು ತಿರುಗುವವರೆಗೆ ನಗುತ್ತಾ ಕೈ ಬೀಸಿದಳು. ಆಮೇಲೆ ಕಟ್ಟಡದ ಮುಂದಿನ ಬೆಂಚಿನ ಮೇಲೆ ಕೂತುಬಿಟ್ಟಳು.

ನನಗೆ ತಡೆಯಲಾಗಲಿಲ್ಲ. "ನಿಂಗೆ ಹುಚ್ಚಾ ಬುರುಲ್? ಚಳಿಗಾಲ ಪೂರ್ತಿ ಗುದ್ದಾಡಿದ್ದು ಯಾತಕ್ಕೆ? ಜುಕ್‌ನ ತಗೊಂಡು ಹೋಗಿ ಹೊಸ್ತಿಲಲ್ಲಿಟ್ಟೆ, ಊರವರ ಕೈಲಿ ಆಡಿಸ್ಕೊಂಡೆ, ಗೋಡೆ ಒಣಗಿಸ್ದೆ, ಗೆದ್ದೆ. ಗೆದ್ದ ಮೇಲೆ ಯಾರಾದ್ರೂ ಹೀಗೆ ಎತ್ತಿ ಕೊಡ್ತಾರೇನೇ?"

ಅವಳು ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡಳು.

"ಗೋಡೆ ಒಣಗದೆ ಇದ್ದಿದ್ರೆ ಅವಳು ಕಿತ್ಕೊಂಡು ಹೋಗಿರ್ತಿದ್ಲು ಜಿಪಾರ್" ಅಂದಳು. "ಈಗ ನಾನೇ ಕೊಟ್ಟೆ."

ನಾನು ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ.